ಪುಟ್ಟ ತಟ್ಟೆ, ದೊಡ್ಡ ಬಿಲ್ಲು: 'ಸ್ಮಾಲ್ ಪ್ಲೇಟ್' ಊಟದ ಒಳಗುಟ್ಟು

ಬೆಂಗಳೂರು: ಮೇಜಿನ ಮೇಲೆ ಬಂದಿಳಿದ ತಟ್ಟೆ ಅಂಗೈಗಿಂತ ತುಸು ದೊಡ್ಡದು. ಅದರಲ್ಲಿ ಹುರಿದ ಅಣಬೆ ಹೊತ್ತ ಬ್ರೆಡ್ ತುಂಡುಗಳು ಮೂರು. ಸುತ್ತ ಕುಳಿತವರು ನಾಲ್ವರು. ಬೆಲೆ 495 ರೂಪಾಯಿ.

ಹೊಸ ಕಾರು ಕೊಂಡ ಸಹೋದ್ಯೋಗಿಯೊಬ್ಬರು ಕಳೆದ ತಿಂಗಳು ಇಂದಿರಾನಗರದ ಇಂಥದೊಂದು ಉಪಾಹಾರ ಗೃಹಕ್ಕೆ ನಮ್ಮನ್ನು ಔತಣಕ್ಕೆ ಕರೆದೊಯ್ದಿದ್ದರು. ನಿವೃತ್ತಿಯ ಅಂಚಿನಲ್ಲಿರುವ ನಮ್ಮ ಹಿರಿಯ ಉಪಸಂಪಾದಕರೂ ಜೊತೆಗಿದ್ದರು. ಅವರು ಸಸ್ಯಾಹಾರಿ, ಮದ್ಯ ಮುಟ್ಟದವರು. ಮೂರು ತಟ್ಟೆಗಳು ಬಂದು ಖಾಲಿಯಾದ ಮೇಲೆ ಅವರು ಮೆಲ್ಲಗೆ ಕೇಳಿದರು: "ಇದೆಲ್ಲಾ ನಂಜಿಕೊಳ್ಳೋಕೆ ಆಯ್ತು. ಊಟ ಯಾವಾಗ ಬರುತ್ತಪ್ಪಾ?"

ಎಲ್ಲರೂ ನಕ್ಕೆವು. ಆದರೆ ಅವರ ಮಾತಿನಲ್ಲಿ ಈ ಬಗೆಯ ಊಟದ ಇಡೀ ಮರ್ಮ ಅಡಗಿತ್ತು. ಇಲ್ಲಿ 'ಊಟ' ಎಂಬುದು ಪ್ರತ್ಯೇಕವಾಗಿ ಬರುವುದೇ ಇಲ್ಲ. ನಂಜಿಕೊಳ್ಳುವುದೇ ಊಟ.

ಬೆಂಗಳೂರಿನ ಇಂದಿರಾನಗರ, ಕೋರಮಂಗಲ, ಲ್ಯಾವೆಲ್ಲೆ ರಸ್ತೆಗಳಲ್ಲಿ 'ಸ್ಮಾಲ್ ಪ್ಲೇಟ್ಸ್ ಅಂಡ್ ಕಾಕ್‌ಟೇಲ್ಸ್' ಎಂಬ ಫಲಕ ಈಗ ಅಪರೂಪವಲ್ಲ. ಮಕ್ಕಳ ಕಂಪನಿಯ ಪಾರ್ಟಿ, ಹುಟ್ಟುಹಬ್ಬ, ಬಡ್ತಿಯ ಸಂಭ್ರಮ ಎಂದು ಒಮ್ಮೆಯಾದರೂ ಅತ್ತ ಹೆಜ್ಜೆ ಹಾಕುವ ಸಂದರ್ಭ ಅನೇಕರಿಗೆ ಒದಗುತ್ತಿದೆ. ಅಲ್ಲಿ ಏನು ಕೇಳಬೇಕು, ಎಷ್ಟು ತರಿಸಬೇಕು, ಬಿಲ್ಲಿನ ಯಾವ ಸಾಲಿಗೆ ಹಣ ಕೊಡಬೇಕು ಎಂಬುದು ತಿಳಿಯದೆ ಮುಜುಗರಪಡುವವರೂ ಕಡಿಮೆಯಿಲ್ಲ. ಅಂಥ ಓದುಗರಿಗಾಗಿ ಈ ವಿವರಣೆ.

ಏನಿದು 'ಸ್ಮಾಲ್ ಪ್ಲೇಟ್'?

ಸಾಮಾನ್ಯ ಉಪಾಹಾರ ಗೃಹದಲ್ಲಿ ಸೂಪ್, ಸ್ಟಾರ್ಟರ್, ಮುಖ್ಯ ಊಟ, ಸಿಹಿ ಎಂಬ ಕ್ರಮವಿರುತ್ತದೆ. ಒಬ್ಬೊಬ್ಬರು ತಮಗೆ ಬೇಕಾದ್ದನ್ನು ತರಿಸಿಕೊಳ್ಳುತ್ತಾರೆ. ಸ್ಮಾಲ್ ಪ್ಲೇಟ್ ಪದ್ಧತಿಯಲ್ಲಿ ಈ ಎರಡೂ ಇಲ್ಲ. ಎಲ್ಲ ಖಾದ್ಯಗಳೂ ಅಲ್ಪ ಪ್ರಮಾಣದಲ್ಲಿ ಬರುತ್ತವೆ. ಮೇಜಿನ ನಡುವೆ ಇಟ್ಟು ಎಲ್ಲರೂ ಹಂಚಿಕೊಳ್ಳಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕಟ್ಟುಪಾಡು ಕಡಿಮೆ. ಅಡುಗೆಮನೆಯಲ್ಲಿ ಯಾವುದು ಮೊದಲು ಸಿದ್ಧವಾಗುವುದೋ ಅದು ಮೊದಲು ಬರುತ್ತದೆ.

ಇದರಿಂದ ಅಡುಗೆಯವರಿಗೆ ಅನುಕೂಲವೇ. ಒಂದು ಮೇಜಿನ ಎಲ್ಲ ಖಾದ್ಯಗಳನ್ನು ಒಂದೇ ಕ್ಷಣಕ್ಕೆ ಬಿಸಿಯಾಗಿ ಸಿದ್ಧಪಡಿಸುವ ಒತ್ತಡ ತಪ್ಪುತ್ತದೆ. ಗಿರಾಕಿಗೆ ಸಿಗುವ ಲಾಭವೆಂದರೆ ವೈವಿಧ್ಯ. ಒಂದೇ ಸಂಜೆ ಎಂಟು ಹತ್ತು ರುಚಿಗಳನ್ನು ನೋಡಬಹುದು. ಇಷ್ಟವಾಗದ ಖಾದ್ಯವೊಂದು ಬಂದರೂ ಇಡೀ ಊಟ ಕೆಡುವುದಿಲ್ಲ. ನಷ್ಟವೆಂದರೆ, ಎಷ್ಟು ತಿಂದೆವು, ಎಷ್ಟು ಖರ್ಚಾಯಿತು ಎಂಬ ಲೆಕ್ಕ ತಪ್ಪುವುದು.

ಬೇರು ಎಲ್ಲಿಯದು?

ಈ ಪದ್ಧತಿಗೆ ಹಲವು ದೇಶಗಳಲ್ಲಿ ತವರುಗಳಿವೆ. ಹೆಚ್ಚು ಪ್ರಸಿದ್ಧವಾದುದು ಸ್ಪೇನಿನ 'ತಪಾಸ್'. ಸ್ಪ್ಯಾನಿಷ್ ಭಾಷೆಯಲ್ಲಿ 'ತಪಾ' ಎಂದರೆ ಮುಚ್ಚಳ. ಪಾನೀಯದ ಲೋಟದ ಮೇಲೆ ಬ್ರೆಡ್ ಅಥವಾ ಮಾಂಸದ ತುಂಡನ್ನು ಮುಚ್ಚಳದಂತೆ ಇಡುತ್ತಿದ್ದುದರಿಂದ ಆ ಹೆಸರು ಬಂತೆಂಬ ಐತಿಹ್ಯಗಳು ಅಲ್ಲಿ ಬಳಕೆಯಲ್ಲಿವೆ. ಟರ್ಕಿ, ಲೆಬನಾನ್, ಗ್ರೀಸ್ ಕಡೆ ಇದೇ 'ಮೆಝೆ'. ಈ ಪದದ ಮೂಲ ರುಚಿ ಎಂಬ ಅರ್ಥದ ಪಾರಸಿಯ 'ಮಜಾ'. ನಾವು ದಿನನಿತ್ಯ ಬಳಸುವ 'ಮಜಾ' ಕೂಡ ಅದೇ ಪಾರಸಿ ಪದದಿಂದ ಬಂದದ್ದು ಎಂಬುದು ಕುತೂಹಲಕರ. ದಕ್ಷಿಣ ಚೀನಾದಲ್ಲಿ ಚಹದೊಂದಿಗೆ ತಿನ್ನುವ 'ಡಿಮ್ ಸಮ್', ಜಪಾನಿನ ಪಾನಗೃಹಗಳಾದ 'ಇಜಾಕಾಯಾ'ಗಳ ತಿನಿಸುಗಳು ಇದೇ ಬಳಗಕ್ಕೆ ಸೇರಿದವು.

ಡಿಮ್ ಸಮ್ ಹೊರತು ಉಳಿದವುಗಳಲ್ಲಿ ಮದ್ಯಪಾನದ ಜೊತೆಗಿನ ನಂಟು ಎದ್ದು ಕಾಣುತ್ತದೆ. ಬರಿ ಹೊಟ್ಟೆಯಲ್ಲಿ ಕುಡಿಯಬಾರದೆಂಬ ಅನುಭವದ ಮಾತು ಇದರ ಹಿಂದಿದೆ. ಹೊಟ್ಟೆಯಲ್ಲಿ ಆಹಾರವಿದ್ದರೆ ಮದ್ಯಸಾರ ರಕ್ತಕ್ಕೆ ಸೇರುವ ವೇಗ ತಗ್ಗುತ್ತದೆ. ನಮ್ಮ ಊರುಗಳ 'ಬಾರ್ ಅಂಡ್ ರೆಸ್ಟೋರೆಂಟ್'ಗಳಲ್ಲಿ ಸಿಗುವ ಕಡಲೆಕಾಯಿ ಮಸಾಲೆ, ಕಬಾಬು, ಮೊಟ್ಟೆ ಮಾಡುವುದೂ ಅದೇ ಕೆಲಸವನ್ನು. ನಮ್ಮ ಉಪಸಂಪಾದಕರ 'ನಂಜಿಕೊಳ್ಳೋಕೆ' ಎಂಬ ಪದಕ್ಕಿಂತ ತಪಾಸ್‌ಗೆ ಬೇರೆ ಕನ್ನಡ ಹುಡುಕಬೇಕಾಗಿಲ್ಲ.

ಅಮೆರಿಕದಲ್ಲಿ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದ ಹೋಟೆಲುಗಳಲ್ಲಿ 1993ರಲ್ಲಿ ವಾಷಿಂಗ್ಟನ್‌ನಲ್ಲಿ ಆರಂಭವಾದ 'ಹಲೇಯೊ' ಪ್ರಮುಖವಾದುದು. ಅದರ ಅಡುಗೆಯ ಸಾರಥ್ಯ ಸ್ಪೇನ್ ಮೂಲದ ಹೋಸೆ ಆಂದ್ರೇಸ್ ಅವರದು. ಭಾರತದಲ್ಲಿ ಇದಕ್ಕೆ ದೇಸಿ ರೂಪ ಕೊಟ್ಟವುಗಳ ಪೈಕಿ 2015ರಲ್ಲಿ ತೆರೆದ ಮುಂಬಯಿಯ 'ದಿ ಬಾಂಬೆ ಕ್ಯಾಂಟೀನ್' ಗಮನಾರ್ಹ. ಅಲ್ಲಿನ ಮೆನುವಿನಲ್ಲಿ 'ಛೋಟಾ ಪ್ಲೇಟ್'ಗಳಿಗೇ ಒಂದು ವಿಭಾಗ. ಅದರ ಸ್ಥಾಪಕರಲ್ಲಿ ಒಬ್ಬರಾದ, 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ನಿಧನರಾದ ಫ್ಲಾಯ್ಡ್ ಕಾರ್ಡೋಜ್ ಅವರು 2011ರಲ್ಲಿ ಅಮೆರಿಕದ 'ಟಾಪ್ ಶೆಫ್ ಮಾಸ್ಟರ್ಸ್' ಟಿ.ವಿ. ಸ್ಪರ್ಧೆ ಗೆದ್ದಿದ್ದರು. ಅಂತಿಮ ಸುತ್ತಿನಲ್ಲಿ ಅವರು ಬಡಿಸಿದ ಖಾದ್ಯಗಳಲ್ಲಿ ಒಂದು ಅಣಬೆ ಹಾಕಿದ ಉಪ್ಪಿಟ್ಟು! ನಾವು ಮೂಗು ಮುರಿಯುವ ಉಪ್ಪಿಟ್ಟು ಪುಟ್ಟ ತಟ್ಟೆಯೇರಿ ಗೌರವ ಪಡೆದ ಬಗೆ ಇದು.

ಬೆಂಗಳೂರಿನಲ್ಲಿ 1980ರ ದಶಕದಿಂದಲೂ ಪಬ್‌ಗಳಿದ್ದವು. 2010ರ ಆಸುಪಾಸಿನಲ್ಲಿ ಸ್ಥಳದಲ್ಲೇ ಬಿಯರ್ ತಯಾರಿಸುವ ಮೈಕ್ರೋಬ್ರೂವರಿಗಳು ಬಂದವು. ಬಾಣಸಿಗ ಮನು ಚಂದ್ರ ಅವರು ರೂಪಿಸಿದ 'ಮಂಕಿ ಬಾರ್' 2012ರಲ್ಲಿಯೂ 'ಟೋಸ್ಟ್ ಅಂಡ್ ಟಾನಿಕ್' 2016ರಲ್ಲಿಯೂ ಇಲ್ಲಿ ಆರಂಭವಾಗಿ, ಕುಡಿತದಷ್ಟೇ ತಿನಿಸಿಗೂ ಮಹತ್ವ ಕೊಡುವ ಹೊಸ ಅಭಿರುಚಿಗೆ ದಾರಿ ಮಾಡಿದವು.

ಎಲೆಯೂಟಕ್ಕೂ ಇದಕ್ಕೂ ಏನು ವ್ಯತ್ಯಾಸ?

ಹಲವು ರುಚಿಗಳನ್ನು ಅಲ್ಪಸ್ವಲ್ಪ ಸವಿಯುವುದು ಕನ್ನಡಿಗರಿಗೆ ಹೊಸತಲ್ಲ. ಬಾಳೆಲೆಯ ಮೇಲೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗೊಜ್ಜು, ಚಿತ್ರಾನ್ನ ಎಂದು ಸಾಲಾಗಿ ಬೀಳುವುದೆಲ್ಲ ಅಲ್ಪ ಪ್ರಮಾಣದ ರುಚಿಗಳೇ. ವ್ಯತ್ಯಾಸವಿರುವುದು ಎರಡು ಕಡೆ. ಎಲೆ ಒಬ್ಬರದು, ಇಲ್ಲಿಯ ತಟ್ಟೆ ಎಲ್ಲರದು. ಎಲೆಯೂಟದಲ್ಲಿ ಸಾಕೆನ್ನುವವರೆಗೆ ಬಡಿಸುತ್ತಾರೆ, ಇಲ್ಲಿ ಪ್ರತಿ ತುತ್ತಿಗೂ ಬೆಲೆಯಿದೆ.

ಒಂದೇ ತಟ್ಟೆಗೆ ನಾಲ್ಕು ಕೈ ಬೀಳುವುದೆಂದರೆ ನಮ್ಮ ಹಿರಿಯರಿಗೆ ಎಂಜಲಿನ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಪರಿಹಾರ ಸುಲಭ. ಪ್ರತಿ ಖಾದ್ಯಕ್ಕೂ ಪ್ರತ್ಯೇಕ ಬಡಿಸುವ ಚಮಚ, ಪ್ರತಿಯೊಬ್ಬರಿಗೂ ಒಂದು ಖಾಲಿ ತಟ್ಟೆ ಕೇಳಿ ಪಡೆಯಬಹುದು. ಅಂದು ನಮ್ಮ ಮೇಜಿನಲ್ಲಿ ಉಪಸಂಪಾದಕರು ಮಾಡಿದ್ದೂ ಇದನ್ನೇ. ಅವರು ಮತ್ತೂ ಒಂದು ಪ್ರಶ್ನೆ ಕೇಳಿದರು: "ಮುಂದಿನ ತಟ್ಟೇಲಿ ಎಷ್ಟು ಪೀಸ್ ಇರುತ್ತೆ?" ನಮಗೆ ಸಂಕೋಚವಾಯಿತು. ಬಡಿಸುವ ಹುಡುಗನಿಗೆ ಆಗಲಿಲ್ಲ. "ಮೂರು ಸರ್. ನೀವು ನಾಲ್ಕು ಜನ ಇದ್ದೀರಲ್ಲ, ಒಂದು ಪೀಸ್ ಸೇರಿಸೋಕೆ ಹೇಳ್ತೀನಿ" ಎಂದ. ಹೆಚ್ಚುವರಿ ತುಂಡಿಗೆ ಪ್ರತ್ಯೇಕ ದರ ಪಡೆದು ಹೀಗೆ ಸೇರಿಸಿಕೊಡುವ ಏರ್ಪಾಡು ಕೆಲವು ಕಡೆ ಇರುತ್ತದೆ. ಕೇಳದಿದ್ದರೆ ಅದು ತಿಳಿಯುವುದಿಲ್ಲ.

ಬೆಲೆ ಯಾವುದಕ್ಕೆ?

ಮೂರು ತುಂಡು ಬ್ರೆಡ್ಡಿಗೆ 495 ರೂಪಾಯಿ ಏಕೆ ಎಂಬ ಪ್ರಶ್ನೆಗೆ ಉತ್ತರ ತಟ್ಟೆಯಲ್ಲಿಲ್ಲ, ತಟ್ಟೆಯ ಸುತ್ತ ಇದೆ. ಹೋಟೆಲ್ ಉದ್ಯಮದ ರೂಢಿಯ ಲೆಕ್ಕದಂತೆ ಖಾದ್ಯದ ಬೆಲೆಯಲ್ಲಿ ಸಾಮಗ್ರಿಯ ಪಾಲು ಸುಮಾರು ಮೂರನೇ ಒಂದು ಭಾಗ ಮಾತ್ರ. ಉಳಿದದ್ದು ಬಾಡಿಗೆ, ಸಿಬ್ಬಂದಿ ವೇತನ, ವಿದ್ಯುತ್, ಅಲಂಕಾರ, ಪರವಾನಗಿ ಶುಲ್ಕ, ಲಾಭ ಇತ್ಯಾದಿಗೆ ಹೋಗುತ್ತದೆ. ದರ್ಶಿನಿಯಲ್ಲಿ ನಿಂತು ತಿನ್ನುವವರು ಹತ್ತು ನಿಮಿಷದಲ್ಲಿ ಜಾಗ ಖಾಲಿ ಮಾಡುತ್ತಾರೆ. ಇಲ್ಲಿ ಒಂದು ಮೇಜಿನವರು ಎರಡು ಮೂರು ಗಂಟೆ ಕೂರುತ್ತಾರೆ. ಅಷ್ಟು ಹೊತ್ತಿನ ಜಾಗದ ಬಾಡಿಗೆ ತಟ್ಟೆಯ ಬೆಲೆಯಲ್ಲಿ ಸೇರಿರುತ್ತದೆ. ಗಿರಾಕಿ ಕೊಳ್ಳುವುದು ತಿನಿಸಿಗಿಂತ ಹೆಚ್ಚಾಗಿ ಒಂದು ಸಂಜೆಯನ್ನು ಎಂದರೆ ತಪ್ಪಾಗಲಾರದು.

ಮದ್ಯದ ವಿಷಯದಲ್ಲಿ ಇನ್ನೊಂದು ಕಾರಣವಿದೆ. ರಾಜ್ಯದಲ್ಲಿ ಮದ್ಯದ ಸಗಟು ವಿತರಣೆ 2003ರಿಂದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಅಬಕಾರಿ ಸುಂಕ ಸೇರಿಯೇ ಬಾಟಲಿ ಬಾರಿಗೆ ಬರುತ್ತದೆ. ಕುಳಿತು ಕುಡಿಯಲು ಅವಕಾಶ ಕೊಡುವ ಬಾರುಗಳಿಗೆ ಸಿ.ಎಲ್.-9, ವಸತಿಯಿರುವ ಹೋಟೆಲುಗಳಿಗೆ ಸಿ.ಎಲ್.-7 ಪರವಾನಗಿ ಬೇಕು. ಈ ಖರ್ಚೆಲ್ಲವೂ ಅಂತಿಮವಾಗಿ ಲೋಟದ ಬೆಲೆಗೆ ಸೇರುತ್ತದೆ.

ಲೋಟದೊಳಗಿನ ಲೆಕ್ಕ

'ಕಾಕ್‌ಟೇಲ್' ಎಂಬುದಕ್ಕೆ ಮುದ್ರಣದಲ್ಲಿ ದೊರೆತ ಹಳೆಯ ವ್ಯಾಖ್ಯೆ 1806ರ ಮೇ ತಿಂಗಳಿನದು. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು ಓದುಗರ ಪ್ರಶ್ನೆಗೆ ಉತ್ತರಿಸುತ್ತ, ಮದ್ಯ, ಸಕ್ಕರೆ, ನೀರು ಮತ್ತು 'ಬಿಟರ್ಸ್' ಎಂಬ ಕಹಿಸಾರ ಸೇರಿದ ಪಾನೀಯವೇ ಕಾಕ್‌ಟೇಲ್ ಎಂದು ತಿಳಿಸಿತ್ತು. ಸೂತ್ರ ಇಂದಿಗೂ ಹೆಚ್ಚು ಬದಲಾಗಿಲ್ಲ. ಖಾರ, ಸಿಹಿ, ಹುಳಿ, ಕಹಿಗಳ ಸಮತೋಲನವೇ ಕಾಕ್‌ಟೇಲ್. ಜಿನ್, ಕಂಪಾರಿ ಮತ್ತು ಸಿಹಿ ವರ್ಮೂತ್‌ಗಳನ್ನು ಸಮಪಾಲು ಬೆರೆಸಿದರೆ ಅದು 'ನೆಗ್ರೋನಿ'. ಇಟಲಿಯ ಫ್ಲಾರೆನ್ಸ್‌ನಲ್ಲಿ 1919ರ ಸುಮಾರಿಗೆ ಹುಟ್ಟಿತೆಂದು ಹೇಳಲಾಗುವ ಈ ಪಾನೀಯ ಬಹುತೇಕ ಎಲ್ಲ ಕಾಕ್‌ಟೇಲ್ ಬಾರುಗಳಲ್ಲೂ ಸಿಗುತ್ತದೆ. ಕೋಕಂ, ಹುಣಸೆ, ವೀಳ್ಯದೆಲೆ, ಕಾಫಿಗಳನ್ನು ಬಳಸಿದ ದೇಸಿ ಮಿಶ್ರಣಗಳೂ ಈಗ ಮೆನುವಿನಲ್ಲಿ ಕಾಣಿಸುತ್ತವೆ.

ಇಲ್ಲಿ ಎಚ್ಚರ ಅಗತ್ಯ. ಐಸು, ಹಣ್ಣಿನ ರಸ, ಸಕ್ಕರೆ ಪಾಕಗಳು ಮದ್ಯದ ಘಾಟನ್ನು ಮರೆಮಾಡುತ್ತವೆ. ಶರಬತ್ತಿನಂತೆ ಕುಡಿದು ಬಿಡುವ ಅಪಾಯ ಹೆಚ್ಚು. ಲೆಕ್ಕ ನೋಡಿ. ಅನೇಕ ಕಾಕ್‌ಟೇಲ್‌ಗಳಲ್ಲಿ 60 ಮಿಲಿಲೀಟರ್, ಅಂದರೆ ಒಂದು ದೊಡ್ಡ ಪೆಗ್ ಮದ್ಯವಿರುತ್ತದೆ. ಭಾರತದಲ್ಲಿ ತಯಾರಾಗುವ ಜಿನ್, ವಿಸ್ಕಿ, ರಮ್‌ಗಳಲ್ಲಿ ಮದ್ಯಸಾರದ ಪ್ರಮಾಣ ಸಾಮಾನ್ಯವಾಗಿ ಶೇ 42.8. ಆ ಪ್ರಕಾರ ಒಂದು ಲೋಟದಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರ ಇದ್ದಂತಾಯಿತು. 10 ಗ್ರಾಂ ಮದ್ಯಸಾರವನ್ನು ಒಂದು 'ಸ್ಟ್ಯಾಂಡರ್ಡ್ ಡ್ರಿಂಕ್' ಎಂದು ಎಣಿಸುವುದು ವಾಡಿಕೆ. ಅಂದರೆ ಒಂದು ಕಾಕ್‌ಟೇಲ್ ಎರಡಕ್ಕೆ ಸಮ. ಇಂಥ ಒಂದು ಅಳತೆಯನ್ನು ಕರಗಿಸಲು ದೇಹಕ್ಕೆ ಸುಮಾರು ಒಂದು ಗಂಟೆ ಬೇಕು. ಎರಡು ಕಾಕ್‌ಟೇಲ್ ಕುಡಿದವರು ಸಹಜ ಸ್ಥಿತಿಗೆ ಮರಳಲು ನಾಲ್ಕು ಗಂಟೆಯಾದರೂ ಬೇಕೆಂಬುದನ್ನು ಮರೆಯಬಾರದು. ಕಾಫಿ ಕುಡಿದರೂ ಮುಖ ತೊಳೆದರೂ ಈ ಅವಧಿ ಕಡಿಮೆಯಾಗುವುದಿಲ್ಲ.

ಮೋಟಾರು ವಾಹನ ಕಾಯ್ದೆಯ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ವಾಹನ ಚಲಾಯಿಸುವುದು ಅಪರಾಧ. 2019ರ ತಿದ್ದುಪಡಿಯ ಬಳಿಕ ಮೊದಲ ಬಾರಿ ಸಿಕ್ಕಿಬಿದ್ದವರಿಗೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ರಾಜ್ಯದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಇದನ್ನು 18ಕ್ಕೆ ಇಳಿಸುವ ಪ್ರಸ್ತಾವ 2023ರ ಜನವರಿಯಲ್ಲಿ ಬಂದು, ಆಕ್ಷೇಪಣೆಗಳ ನಂತರ ಕೈಬಿಡಲಾಯಿತು. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ತಿಂಗಳು ಹೇಳಿದೆ ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಸಸ್ಯಾಹಾರಿಗಳ ಗಮನಕ್ಕೆ

ಮಾಂಸದ ತುಂಡು ಕಣ್ಣಿಗೆ ಕಾಣುತ್ತದೆ. ಕಾಣದೆ ಬೆರೆತಿರುವ ಸಾಮಗ್ರಿಗಳ ಬಗ್ಗೆ ವಿಚಾರಿಸುವುದು ಒಳಿತು. ಥಾಯ್ ಖಾದ್ಯಗಳಲ್ಲಿ ಮೀನಿನ ಸಾರವಾದ 'ಫಿಶ್ ಸಾಸ್', ಕೊರಿಯಾದ 'ಕಿಮ್ಚಿ' ಉಪ್ಪಿನಕಾಯಿಯಲ್ಲಿ ಮೀನು ಅಥವಾ ಸಿಗಡಿಯ ಅಂಶ, 'ಸೀಸರ್ ಸಲಾಡ್'ನ ಸಾಸ್‌ನಲ್ಲಿ ಆಂಚೋವಿ ಎಂಬ ಸಣ್ಣ ಮೀನು, ಮೂಲ ವಿಧಾನದ 'ಪಾರ್ಮೆಸಾನ್' ಚೀಸ್‌ನಲ್ಲಿ ಕರುವಿನ ಜಠರದಿಂದ ತೆಗೆದ ಹೆಪ್ಪು ಇರುತ್ತದೆ. ಕೆಲವು ಸಿಹಿಗಳಲ್ಲಿ ಜೆಲಟಿನ್ ಬಳಸುತ್ತಾರೆ. 'ವಿಸ್ಕಿ ಸೋರ್'ನಂಥ ಪಾನೀಯಗಳ ಮೇಲಿನ ನೊರೆ ಹಲವೆಡೆ ಹಸಿ ಮೊಟ್ಟೆಯ ಬಿಳಿಯದು. ತಿಳಿನೀರಿನಂತೆ ಕಾಣುವ 'ಮಿಲ್ಕ್ ಪಂಚ್' ಅನ್ನು ಹಾಲು ಒಡೆಸಿ ಸೋಸಿ ತಯಾರಿಸುತ್ತಾರೆ. ಹಾಲು, ಕಡಲೆಕಾಯಿ, ಗೋಡಂಬಿ ಒಗ್ಗದವರು ಮೊದಲೇ ತಿಳಿಸಬೇಕು. ಬದಲಿ ವ್ಯವಸ್ಥೆ ಮಾಡಿಕೊಡುವುದು ಇಂಥ ಅಡುಗೆಮನೆಗಳಿಗೆ ಹೊಸತೇನಲ್ಲ.

ಬಿಲ್ಲನ್ನು ಓದುವ ಬಗೆ

ಅಂದಿನ ನಮ್ಮ ಬಿಲ್ಲನ್ನೇ ಉದಾಹರಣೆಯಾಗಿ ನೋಡೋಣ. ಒಂಬತ್ತು ತಟ್ಟೆಗಳಿಗೆ 4,650 ರೂಪಾಯಿ. ಮದ್ಯರಹಿತ ಪಾನೀಯ ಎರಡಕ್ಕೆ 700. ಕಾಕ್‌ಟೇಲ್ ನಾಲ್ಕಕ್ಕೆ 3,200. ಒಟ್ಟು 8,550. ಅದರ ಕೆಳಗೆ 'ಸೇವಾ ಶುಲ್ಕ ಶೇ 10' ಎಂಬ ಸಾಲಿನಲ್ಲಿ 855 ರೂಪಾಯಿ. ಆ ಮೇಲೆ ಜಿ.ಎಸ್.ಟಿ.

ಮೊದಲು ಜಿ.ಎಸ್.ಟಿ. ಹೋಟೆಲುಗಳ ಆಹಾರಕ್ಕೆ ಶೇ 5ರಷ್ಟು ತೆರಿಗೆ 2017ರ ನವೆಂಬರ್ 15ರಿಂದ ಜಾರಿಯಲ್ಲಿದೆ. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕೋಣೆಗಳಿರುವ ತಾರಾ ಹೋಟೆಲುಗಳ ಒಳಗಿನ ಉಪಾಹಾರ ಗೃಹಗಳಲ್ಲಿ ಇದು ಶೇ 18. ಮದ್ಯ ಜಿ.ಎಸ್.ಟಿ. ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಒಟ್ಟು ಮೊತ್ತದ ಮೇಲೆ ಜಿ.ಎಸ್.ಟಿ. ಹಾಕಿದ್ದರೆ ಪ್ರಶ್ನಿಸಬೇಕು.

ಇನ್ನು ಸೇವಾ ಶುಲ್ಕ. ಇದು ಸರ್ಕಾರದ ತೆರಿಗೆಯಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯಂತೆ ಸೇವಾ ಶುಲ್ಕವನ್ನು ಬಿಲ್ಲಿಗೆ ತಾನೇ ತಾನಾಗಿ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿ ವಸೂಲು ಮಾಡುವಂತಿಲ್ಲ, ಕೊಡಲು ಒಪ್ಪದವರಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಹೋಟೆಲು ಮಾಲೀಕರ ಸಂಘಗಳು ಇದನ್ನು ಪ್ರಶ್ನಿಸಿದವು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಸಂಘಗಳು ಮೇಲ್ಮನವಿಯನ್ನೂ ಸಲ್ಲಿಸಿದವು. ಶುಲ್ಕ ತೆಗೆಯಲು ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.

ಬಾಟಲಿ ನೀರಿನ ವಿಷಯದಲ್ಲಿ ಮಾತ್ರ ಕಾನೂನು ಹೋಟೆಲಿನ ಪರವಾಗಿದೆ. ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ದರಕ್ಕೆ ಹೋಟೆಲುಗಳು ನೀರು ಮಾರಬಹುದು, ಏಕೆಂದರೆ ಅಲ್ಲಿ ನೀರಿನೊಂದಿಗೆ ಸೇವೆಯೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದೆ. ಆದ್ದರಿಂದ "ಬಾಟಲಿ ನೀರೇ, ಸಾದಾ ನೀರೇ?" ಎಂದು ಕೇಳಿದಾಗ ಉತ್ತರಿಸುವ ಮುನ್ನ ಯೋಚಿಸಬೇಕು.

ಹೋಗುವ ಮುನ್ನ

* ಒಬ್ಬರಿಗೆ ಎರಡರಿಂದ ಮೂರು ತಟ್ಟೆ ಎಂದು ಅಂದಾಜು ಮಾಡಿ. ಎಲ್ಲವನ್ನೂ ಒಮ್ಮೆಗೇ ಹೇಳಬೇಡಿ. ಅರ್ಧ ತರಿಸಿ, ತಿಂದು ನೋಡಿ, ಮುಂದಿನದನ್ನು ಹೇಳಿ.
* ತಟ್ಟೆಯಲ್ಲಿ ಎಷ್ಟು ತುಂಡು ಎಂದು ಕೇಳಿ.
* ಹೊಟ್ಟೆ ತುಂಬಿಸುವ ಅನ್ನ, ಬ್ರೆಡ್ ಅಥವಾ ನೂಡಲ್ಸ್‌ನ ಒಂದು ತಟ್ಟೆ ಪಟ್ಟಿಯಲ್ಲಿರಲಿ.
* ಒಂದು ಕಾಕ್‌ಟೇಲ್‌ಗೆ ಒಂದು ಲೋಟ ನೀರು ಕುಡಿಯಿರಿ. ಮನೆಗೆ ಮರಳುವ ವಾಹನವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.
* ಖರ್ಚು ಹಂಚಿಕೊಳ್ಳುವುದಾದರೆ ಮದ್ಯದ ಲೆಕ್ಕ ಬೇರೆ, ಊಟದ ಲೆಕ್ಕ ಬೇರೆ ಇರಲಿ. ಕುಡಿಯದವರ ಮೇಲೆ ಹೊರೆ ಬೀಳಬಾರದು.

ಕೊನೆಯಲ್ಲಿ ಅಂದಿನ ಸಂಜೆಯ ಮಾತು. ಬಿಲ್ ಬಂದಾಗ ಔತಣ ಕೊಟ್ಟ ಸಹೋದ್ಯೋಗಿ ನೋಡದೆಯೇ ಕಾರ್ಡ್ ಚಾಚಿದರು. ಉಪಸಂಪಾದಕರು ಮೂರು ದಶಕಗಳಿಂದ ಕರಡು ತಿದ್ದಿದವರು, ಓದದೆ ಯಾವ ಕಾಗದವನ್ನೂ ಮುಂದಕ್ಕೆ ಬಿಡುವವರಲ್ಲ. ಕನ್ನಡಕ ಏರಿಸಿ ಸಾಲು ಸಾಲು ಓದಿ, ಸೇವಾ ಶುಲ್ಕದ ಮೇಲೆ ಬೆರಳಿಟ್ಟರು. "ಇದನ್ನ ತೆಗೀಬಹುದೇನಪ್ಪಾ?" ಎಂದರು. ಮ್ಯಾನೇಜರು ವಾದವಿಲ್ಲದೆ ತೆಗೆಸಿದರು. ಜಿ.ಎಸ್.ಟಿ. ಸೇರಿ ಬಿಲ್ 8,818 ರೂಪಾಯಿಗೆ ಇಳಿಯಿತು.

ಆಮೇಲೆ ಅವರು ತಮ್ಮ ಜೇಬಿನಿಂದ ಐನೂರರ ನೋಟೊಂದನ್ನು ತೆಗೆದು ಬಡಿಸಿದ ಹುಡುಗನ ಕೈಗೇ ಕೊಟ್ಟರು. "ಆ ದುಡ್ಡು ನಿಂಗೆ ಎಷ್ಟು ಬರ್ತಿತ್ತೋ ಗೊತ್ತಿಲ್ಲ. ಇದು ನಿಂದೇ" ಎಂದರು. ಸೇವಾ ಶುಲ್ಕ ನಿರಾಕರಿಸುವುದೆಂದರೆ ದುಡಿದವನನ್ನು ಮರೆಯುವುದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಹೊಸ ಕಾರು ಆ ರಾತ್ರಿ ಅಲ್ಲಿಯೇ ಉಳಿಯಿತು. ಎರಡು ಕಾಕ್‌ಟೇಲ್ ಕುಡಿದಿದ್ದ ಮಾಲೀಕರು ಟ್ಯಾಕ್ಸಿ ಹತ್ತಿದರು. ಉಪಸಂಪಾದಕರು ದಾರಿಯಲ್ಲಿ ಟ್ಯಾಕ್ಸಿ ನಿಲ್ಲಿಸಿ ಮೊಸರನ್ನದ ಪೊಟ್ಟಣವೊಂದನ್ನು ಕಟ್ಟಿಸಿಕೊಂಡರು.